ಟ್ರ್ಯಾಕ್ಟರ್ ಎಂಜಿನ್ನಿನ ಸೆನ್ಸರ್ ಜೋಡಣೆ: ದೋಷ ಪತ್ತೆ ಮತ್ತು ಮನೆಯಲ್ಲೇ ದುರಸ್ತಿ

ಕೃಷ್ಣರಾಜನಗರದ ಚಾಮರಾಜ ಎಡದಂಡೆ ಮತ್ತು ಬಲದಂಡೆ ನಾಲೆಗಳ ಅಚ್ಚುಕಟ್ಟಿನಲ್ಲಿ ನೀರು ಬಿಟ್ಟೊಡನೆ ಎಲ್ಲರ ಗದ್ದೆಯೂ ಒಂದೇ ಕಾಲಕ್ಕೆ ಕೆಸರಿಗೆ ಬರುತ್ತದೆ. ಮಧ್ಯಮಾವಧಿ ಭತ್ತದ ತಳಿಗಳ ಸಸಿಯನ್ನು 21ರಿಂದ 25 ದಿನಗಳೊಳಗೆ ನಾಟಿ ಮಾಡುವುದು ಉತ್ತಮ. ಸಸಿಮಡಿಯಲ್ಲೇ ಸಸಿ ಬಲಿತರೆ ತೆಂಡೆಗಳ ಸಂಖ್ಯೆ ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ತಂಬಾಕಿಗೂ ಎಚ್.ಡಿ. ಕೋಟೆಯ ಹತ್ತಿಗೂ ಹದ ತಪ್ಪಿದರೆ ನಷ್ಟವೇ. ಆದುದರಿಂದ ಈ ದಿನಗಳಲ್ಲಿ ಟ್ರ್ಯಾಕ್ಟರ್ ನಾಲ್ಕು ದಿನ ನಿಂತರೆ ಅದು ಯಂತ್ರದ ತೊಂದರೆಯಷ್ಟೇ ಅಲ್ಲ, ಬೆಳೆಯ ತೊಂದರೆಯೂ ಹೌದು.

ಉಳುಮೆಯ ನಡುವೆ ಉಷ್ಣತಾ ಮಾಪಕದ ಮುಳ್ಳು ಏಕಾಏಕಿ ಕೆಂಪು ಗೆರೆಗೆ ಹಾರುವುದನ್ನೋ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಳ್ಳುವುದನ್ನೋ ನೀವು ನೋಡಿರಬಹುದು. ಆಗ ಕೆಲವರು 'ಮುಳ್ಳು ಸುಳ್ಳು ಹೇಳುತ್ತಿದೆ' ಎಂದು ಉಳುಮೆ ಮುಂದುವರಿಸಿ ಎಂಜಿನ್ನನ್ನೇ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಪರೀಕ್ಷೆಯನ್ನೇ ಮಾಡದೆ ಹೊಸ ಸೆನ್ಸರ್ ಕೊಳ್ಳುತ್ತಾರೆ. ಅದನ್ನು ಹಾಕಿದ ಮೇಲೂ ದೋಷ ಹಾಗೆಯೇ ಉಳಿಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಅರ್ಧ ಗಂಟೆಯ ಪರೀಕ್ಷೆಯಿಂದ ಈ ಎರಡು ನಷ್ಟಗಳನ್ನೂ ತಪ್ಪಿಸಬಹುದು.

ಸೆನ್ಸರ್ ಎಂದರೇನು?

ಎಂಜಿನ್ನಿನ ಬಿಸಿ, ಒತ್ತಡ, ವೇಗ ಮುಂತಾದವನ್ನು ಗ್ರಹಿಸಿ ವಿದ್ಯುತ್ತಿನ ರೂಪದಲ್ಲಿ ತಿಳಿಸುವ ಸಣ್ಣ ಬಿಡಿಭಾಗವೇ ಸೆನ್ಸರ್. ಉಷ್ಣತೆಯ ಸೆನ್ಸರಿನೊಳಗೆ ಬಿಸಿ ಏರಿದಂತೆ ವಿದ್ಯುತ್ ನಿರೋಧ ಕಡಿಮೆಯಾಗುವ ಒಂದು ತುಣುಕು ಇರುತ್ತದೆ. ಸೆನ್ಸರಿನಿಂದ ಹೊರಟ ವೈರು ಪ್ಲಾಸ್ಟಿಕ್ ಕಪ್ಲರ್ ಮೂಲಕ ಮುಂದಕ್ಕೆ ಹೋಗುತ್ತದೆ. ಕೆಸರು ನೀರು, ಗೊಬ್ಬರದ ಉಪ್ಪು, ಎಂಜಿನ್ನಿನ ಅದುರಾಟ, ಇಲಿಯ ಹಲ್ಲು ಇವೆಲ್ಲ ಮೊದಲು ತಗಲುವುದು ಈ ಕಪ್ಲರಿಗೆ ಮತ್ತು ವೈರಿಗೆ. ಆದುದರಿಂದ ಸೆನ್ಸರನ್ನು ದೂರುವ ಮೊದಲು ಜೋಡಣೆಯನ್ನು ಪರೀಕ್ಷಿಸಬೇಕು.

ಮೊದಲು ಎಂಜಿನ್, ಆಮೇಲೆ ವೈರು

ಎಚ್ಚರಿಕೆ ಕಂಡೊಡನೆ ಅದು ನಿಜವೆಂದೇ ಭಾವಿಸಿ ಎಂಜಿನ್ ನಿಲ್ಲಿಸಿರಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಎರಚುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರಿನ ಮಟ್ಟ ನೋಡಿರಿ. ರೇಡಿಯೇಟರ್ ಜಾಲರಿಗೆ ಹೊಟ್ಟು, ತರಗು ಕಟ್ಟಿದೆಯೇ, ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ಎಂದು ಪರಿಶೀಲಿಸಿರಿ. ಆಯಿಲ್ ಅಳತೆ ಕಡ್ಡಿಯ ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಇವೆಲ್ಲ ಸರಿಯಾಗಿದ್ದರೆ ಮಾತ್ರ ಜೋಡಣೆಯ ಕಡೆಗೆ ಗಮನ ಕೊಡಿರಿ.

ಒಂದು ಸುಳಿವನ್ನು ನೆನಪಿಡಿರಿ. ನೀರಿನ ಉಷ್ಣತೆ ಕ್ಷಣದಲ್ಲಿ ಏರಿ ಕ್ಷಣದಲ್ಲಿ ಇಳಿಯುವುದಿಲ್ಲ. ಬದು ದಾಟುವಾಗ ಮುಳ್ಳು ಕೆಂಪಿಗೆ ಹಾರಿ, ಸಮನೆಲಕ್ಕೆ ಬಂದೊಡನೆ ಹಿಂದಿರುಗಿದರೆ ದೋಷ ಬಹುಮಟ್ಟಿಗೆ ವೈರಿನಲ್ಲೇ ಇರುತ್ತದೆ. ಮುಳ್ಳು ನಿಧಾನವಾಗಿ ಏರುತ್ತಾ ಹೋದರೆ ಎಂಜಿನ್ ನಿಜವಾಗಿಯೂ ಕಾಯುತ್ತಿದೆ ಎಂದು ತಿಳಿಯಬೇಕು.

ಹಳೆಯ ಮಾದರಿಯ ಟ್ರ್ಯಾಕ್ಟರುಗಳಲ್ಲಿ ಪರೀಕ್ಷೆ

ಒಂದೇ ವೈರಿನ ಸೆನ್ಸರ್ ಮತ್ತು ಮುಳ್ಳಿನ ವಿದ್ಯುತ್ ಮಾಪಕವಿರುವ ಟ್ರ್ಯಾಕ್ಟರುಗಳಿಗೆ ಈ ಕ್ರಮ ಅನ್ವಯಿಸುತ್ತದೆ.

1. ರಾತ್ರಿಯಿಡೀ ನಿಂತ ಎಂಜಿನ್ನಿನ ಕೀ ಆನ್ ಮಾಡಿರಿ, ಸ್ಟಾರ್ಟ್ ಮಾಡಬೇಡಿ. ಮುಳ್ಳು ತಣ್ಣನೆಯ ಕಡೆಗೇ ಇರಬೇಕು. ಆಗಲೇ ಕೆಂಪಿಗೆ ಹೋದರೆ ಸೆನ್ಸರಿನ ವೈರನ್ನು ಕಳಚಿರಿ. ಮುಳ್ಳು ಇಳಿದರೆ ದೋಷ ಸೆನ್ಸರಿನಲ್ಲಿದೆ. ಇಳಿಯದಿದ್ದರೆ ವೈರಿನ ಹೊದಿಕೆ ಎಲ್ಲೋ ಸವೆದು ತಾಮ್ರ ಎಂಜಿನ್ನಿಗೋ ಚಾಸಿಗೋ ತಗಲುತ್ತಿದೆ.

2. ಎಂಜಿನ್ ಬಿಸಿಯಾದರೂ ಮುಳ್ಳು ಏಳದಿದ್ದರೆ ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು, ಕಳಚಿದ ವೈರಿನ ತುದಿಯನ್ನು ಎಂಜಿನ್ನಿನ ಶುಭ್ರವಾದ ಲೋಹಕ್ಕೆ ಕ್ಷಣಮಾತ್ರ ಮುಟ್ಟಿಸಿರಿ. ಮುಳ್ಳು ಎದ್ದರೆ ವೈರು ಮತ್ತು ಮಾಪಕ ಸರಿಯಿವೆ. ಏಳದಿದ್ದರೆ ವೈರು ತುಂಡಾಗಿರಬಹುದು ಇಲ್ಲವೆ ಮಾಪಕ ಕೆಟ್ಟಿರಬಹುದು.

3. ಆಯಿಲ್ ಒತ್ತಡದ ದೀಪ ಕೀ ಆನ್ ಮಾಡಿದಾಗ ಹೊತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗ ಹೊತ್ತದಿದ್ದರೆ ಬಲ್ಬು ಸುಟ್ಟಿರಬಹುದು ಅಥವಾ ವೈರು ಕಳಚಿರಬಹುದು. ಸ್ವಿಚ್ಚಿನ ವೈರು ಕಳಚಿದ ಮೇಲೂ ಉರಿಯುತ್ತಿದ್ದರೆ ವೈರು ಎಲ್ಲೋ ಅರ್ತ್ ಆಗಿದೆ. ವೈರು ಕಳಚಿದಾಗ ಆರಿದರೆ ಸ್ವಿಚ್ ಕೆಟ್ಟಿದೆ, ಇಲ್ಲವೆ ಒತ್ತಡವೇ ಇಲ್ಲ. ಇವೆರಡರಲ್ಲಿ ಯಾವುದೆಂಬುದನ್ನು ಮೆಕ್ಯಾನಿಕ್ ಒತ್ತಡ ಮಾಪಕ ಹಾಕಿಯೇ ಹೇಳಬೇಕು. ಅಲ್ಲಿಯವರೆಗೆ ಎಂಜಿನ್ ಓಡಿಸಬಾರದು.

ಹೊಸ ಮಾದರಿಯ ಟ್ರ್ಯಾಕ್ಟರುಗಳಲ್ಲಿ ಪರೀಕ್ಷೆ

50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮವು 2023ರ ಜನವರಿಯಿಂದ ಜಾರಿಗೆ ಬಂದಿದೆ. ಸರಕು ಸಾಗಿಸುವ ಪಿಕಪ್ ಮತ್ತು ಕಾರುಗಳಿಗೆ ಬಿಎಸ್-6 ನಿಯಮ 2020ರ ಏಪ್ರಿಲ್‌ನಿಂದಲೇ ಅನ್ವಯಿಸಿದೆ. ಇಂಥ ಎಂಜಿನ್ನುಗಳಲ್ಲಿ ಡೀಸೆಲ್ ಎಷ್ಟು ಹೋಗಬೇಕೆಂಬುದನ್ನು ಸೆನ್ಸರುಗಳ ಸುದ್ದಿ ಕೇಳಿ ಇಸಿಯು ಎಂಬ ವಿದ್ಯುನ್ಮಾನ ಪೆಟ್ಟಿಗೆ ನಿರ್ಧರಿಸುತ್ತದೆ. ಕಪ್ಲರ್ ಸಡಿಲವಾದರೆ ಎಂಜಿನ್ ದೀಪ ಹೊತ್ತಿ, ಶಕ್ತಿ ಕುಂದಬಹುದು. ಕ್ರ್ಯಾಂಕ್ ಸೆನ್ಸರಿನ ಸುದ್ದಿ ನಿಂತರೆ ಎಂಜಿನ್ನೇ ನಿಲ್ಲಬಹುದು.

ಇಲ್ಲಿ ವೈರನ್ನು ಲೋಹಕ್ಕೆ ಮುಟ್ಟಿಸುವ ಪರೀಕ್ಷೆ ಕೂಡದು. ಪೆಟ್ಟಿಗೆ ಕೆಡುವ ಸಂಭವವಿದೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಬಳಸಿರಿ. ಮೊದಲು ಬ್ಯಾಟರಿ ನೋಡಿರಿ. ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಬಳಿಕ ಕೀ ಆಫ್ ಮಾಡಿ ಕಪ್ಲರ್ ಕಳಚಿ, ಮೀಟರನ್ನು ಡಿ.ಸಿ. 20 ವೋಲ್ಟ್‌ಗೆ ಇಟ್ಟು ಕೀ ಆನ್ ಮಾಡಿರಿ. ಎರಡು ವೈರಿನ ಉಷ್ಣತಾ ಸೆನ್ಸರಿಗೆ ಬರುವ ಕಪ್ಲರಿನಲ್ಲಿ ಸಾಮಾನ್ಯವಾಗಿ 5 ವೋಲ್ಟ್ ಸಿಗಬೇಕು. ಸಿಗದಿದ್ದರೆ ದೋಷ ಸೆನ್ಸರಿನಲ್ಲಲ್ಲ, ವೈರಿನ ದಾರಿಯಲ್ಲಿದೆ. ಸಿಕ್ಕರೆ ವೈರನ್ನು ಮೆಲ್ಲಗೆ ಅಲುಗಾಡಿಸಿ ನೋಡಿರಿ. ಅಂಕಿ ಏರುಪೇರಾದರೆ ಒಳಗೆ ತಂತಿ ತುಂಡಾಗಿದೆ. ಮೀಟರಿನ ಮೊನೆಯನ್ನು ಕಪ್ಲರಿನ ರಂಧ್ರದೊಳಗೆ ತುರುಕಬೇಡಿ. ಹಿಡಿತ ಅಗಲವಾಗಿ ಹೊಸ ದೋಷ ಹುಟ್ಟುತ್ತದೆ.

ಹಲವು ಎಚ್ಚರಿಕೆಗಳು ಒಟ್ಟಿಗೇ ಕಂಡರೆ ಅರ್ತ್ ವೈರನ್ನು ಶಂಕಿಸಿರಿ. ಬ್ಯಾಟರಿಯ ಋಣ ತುದಿ ಮತ್ತು ಎಂಜಿನ್ನಿನ ಲೋಹದ ನಡುವೆ ಮೀಟರ್ ಹಿಡಿದು, ಇನ್ನೊಬ್ಬರಿಂದ ಸ್ಟಾರ್ಟರ್ ತಿರುಗಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ವೈರಿನ ಬೋಲ್ಟ್ ಬಿಚ್ಚಿ ತುಕ್ಕು ಕೆರೆದು ಬಿಗಿಮಾಡಿರಿ.

ದುರಸ್ತಿಯ ಕ್ರಮ

ಕೀ ಆಫ್ ಮಾಡಿ, ಬ್ಯಾಟರಿಯ ಋಣ ತುದಿಯನ್ನು ಕಳಚಿದ ಮೇಲೆಯೇ ಕೆಲಸ ಆರಂಭಿಸತಕ್ಕದ್ದು.

ಕಪ್ಲರಿನ ಬೀಗದ ನಾಲಿಗೆಯನ್ನು ಒತ್ತಿ ಬಿಚ್ಚಿರಿ. ವೈರು ಹಿಡಿದು ಎಳೆಯಬಾರದು. ಒಳಗೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಪಿನ್ನಿಗೆ ಲೇಪನವಿರುವುದರಿಂದ ಉಪ್ಪು ಕಾಗದ ಬೇಡ. ಪೆಟ್ರೋಲ್ ಸಹ ಬೇಡ. ಪೂರ್ತಿ ಒಣಗಿದ ಮೇಲೆ, ರಬ್ಬರ್ ಸೀಲು ಸ್ಥಾನದಲ್ಲಿರುವುದನ್ನು ನೋಡಿ, 'ಟಿಕ್' ಎನ್ನುವವರೆಗೆ ಒತ್ತಿ ಕೂಡಿಸಿರಿ.

ವೈರು ತುಂಡಾಗಿದ್ದರೆ ಕಪ್ಪಾದ ತಾಮ್ರವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿರಿ. ಅಷ್ಟೇ ದಪ್ಪದ ವೈರು ಸೇರಿಸಿ, ಮೊದಲೇ ಶಾಖಕ್ಕೆ ಕುಗ್ಗುವ ಸ್ಲೀವ್ ತೂರಿಸಿ, ಎಳೆಗಳನ್ನು ಹೆಣೆದು ಬೆಸುಗೆ ಹಾಕಿರಿ. ಸ್ಲೀವನ್ನು ಬೆಸುಗೆಯ ಮೇಲೆ ತಂದು ಬಿಸಿ ಮಾಡಿರಿ. ಎರಡು ವೈರು ತುಂಡಾಗಿದ್ದರೆ ಗಂಟುಗಳು ಎದುರುಬದುರು ಬಾರದಂತೆ ಹಿಂದುಮುಂದು ಮಾಡಿರಿ. ಬರೀ ಟೇಪು ಸುತ್ತಿದ ಗಂಟು ಕೆಸರಿನಲ್ಲಿ ಬಾಳುವುದಿಲ್ಲ. ವೈರನ್ನು ಸೈಲೆನ್ಸರಿನಿಂದ ದೂರವಿಟ್ಟು ಕಟ್ಟಿರಿ. ಕೊನೆಯಲ್ಲಿ ಬ್ಯಾಟರಿ ಕೂಡಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿರಿ. ದೀಪ ಆರದಿದ್ದರೆ ಸ್ಕ್ಯಾನರ್ ಇರುವ ಕಾರ್ಯಾಗಾರದಲ್ಲಿ ದೋಷಸಂಕೇತ ಓದಿಸಿರಿ.

ಕೈಹಾಕಬಾರದ ಕಡೆಗಳು

ಕಾಮನ್ ರೈಲ್ ಎಂಜಿನ್ನಿನ ಡೀಸೆಲ್ ಕೊಳವೆಯಲ್ಲಿ 1,000 ಬಾರ್‌ಗೂ ಮೀರಿದ ಒತ್ತಡವಿರುತ್ತದೆ. ಅದು ಚರ್ಮವನ್ನು ಸೀಳಿ ಒಳಹೋಗಬಲ್ಲದು. ಆ ಕೊಳವೆ, ಇಂಜೆಕ್ಟರ್ ಮತ್ತು ಇಸಿಯು ಪೆಟ್ಟಿಗೆಯನ್ನು ಬಿಚ್ಚಬೇಡಿ. ವಾರಂಟಿ ಅವಧಿಯಲ್ಲಿ ಕಂಪನಿಯ ವೈರನ್ನು ಕತ್ತರಿಸಬೇಡಿ.

ಬರದಂತೆ ನೋಡಿಕೊಳ್ಳುವುದು

ಕೆಸರು ಉಳುಮೆ ಮುಗಿದ ದಿನವೇ ಮಣ್ಣು ತೊಳೆಯಿರಿ. ಆದರೆ ರಭಸದ ನೀರನ್ನು ಕಪ್ಲರುಗಳಿಗೆ ನೇರವಾಗಿ ಬಿಡಬೇಡಿ. ಟ್ರ್ಯಾಕ್ಟರನ್ನು ಹುಲ್ಲಿನ ಮೆದೆ, ಕಾಳಿನ ಮೂಟೆಗಳ ಪಕ್ಕ ನಿಲ್ಲಿಸಿದರೆ ಇಲಿಗಳು ಎಂಜಿನ್ನಿನಲ್ಲಿ ಗೂಡು ಕಟ್ಟುತ್ತವೆ. ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿ ಕಳಚಿರಿ. ನಾಲೆಗೆ ನೀರು ಬರುವ ಹದಿನೈದು ದಿನ ಮೊದಲೇ ಎಲ್ಲ ಕಪ್ಲರುಗಳನ್ನು ನೋಡಿಕೊಳ್ಳಿ. ಈ ಪರೀಕ್ಷೆಗಳನ್ನು ಟ್ರ್ಯಾಕ್ಟರ್ ಓಡಿಸುವ ಆಳಿಗೂ ಮನೆಯ ಮಕ್ಕಳಿಗೂ ಕಲಿಸಿರಿ. ದೋಷ ಬಗೆಹರಿಯದಿದ್ದರೆ ಬಾಡಿಗೆ ಟ್ರ್ಯಾಕ್ಟರಿನಿಂದ ಗದ್ದೆ ಹದಗೊಳಿಸಿ ನಾಟಿ ಮುಗಿಸಿರಿ. ಎಂಜಿನ್ ಕಾಯಬಹುದು, ಸಸಿಮಡಿಯ ಪೈರು ಕಾಯುವುದಿಲ್ಲ.