ಮೈಯೊಳಗಿನ ರಕ್ತ ಅಳೆಯುವುದು ಹೇಗೆ?

ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ. ರಾಗಿಯನ್ನು ಸೇರಿನಲ್ಲಿ ಅಳೆಯುತ್ತೇವೆ. ಮೈಯೊಳಗೆ ಹರಿಯುವ ರಕ್ತವನ್ನು ಅಳೆಯೋದು ಹೇಗೆ? ಎಲ್ಲ ಹೊರಗೆ ಸುರಿದರೆ ಜೀವವೇ ಹೋಗುತ್ತದೆ.

ಯಾಕೆ ಅಳೆಯಬೇಕು?

ಹೊಸ ಔಷಧಿಗಳನ್ನು ಮೊದಲು ಇಲಿ, ನಾಯಿಯಂಥ ಪ್ರಾಣಿಗಳಿಗೆ ಕೊಟ್ಟು ನೋಡುವುದುಂಟು. ಔಷಧಿ ಏನು ಮಾಡಿತು ಅಂತ ತಿಳಿಯಲು ಅವುಗಳ ರಕ್ತ ತೆಗೆಯುತ್ತಾರೆ. ಹೆಚ್ಚು ತೆಗೆದರೆ ಪ್ರಾಣಿ ನರಳುತ್ತದೆ. ಸಾಯಲೂಬಹುದು. ಎಷ್ಟು ತೆಗೆಯಬಹುದು ಎಂದು ಗೊತ್ತಾಗಲು, ಒಟ್ಟು ಎಷ್ಟಿದೆ ಎಂದು ಮೊದಲು ಗೊತ್ತಿರಬೇಕು.

ಹಿಂದೆ ಏನು ಮಾಡುತ್ತಿದ್ದರು?

1850ರ ದಶಕದಲ್ಲಿ ಜರ್ಮನಿಯಲ್ಲಿ ವೆಲ್ಕರ್ ಎಂಬ ವಿಜ್ಞಾನಿ ಇದ್ದರು. ಅವರು ಪ್ರಾಣಿಯ ರಕ್ತವನ್ನೆಲ್ಲ ಬಸಿದರು. ರಕ್ತನಾಳಗಳನ್ನು ನೀರಿನಿಂದ ತೊಳೆದರು. ಹೀಗೆ ಅಳೆದರು. ಲೆಕ್ಕ ಸಿಕ್ಕಿತು, ಪ್ರಾಣಿ ಉಳಿಯಲಿಲ್ಲ.

1915ರಲ್ಲಿ ಅಮೆರಿಕದ ಮೂವರು ವೈದ್ಯರು ಬೇರೆ ದಾರಿ ತೋರಿಸಿದರು. ಕೀತ್, ರೌನ್‌ಟ್ರೀ, ಗೆರಾಟಿ ಎಂದು ಅವರ ಹೆಸರು. ಅವರು ರಕ್ತಕ್ಕೆ ಕೆಂಪು ಬಣ್ಣ ಸೇರಿಸಿ ಅಳೆದರು. ಆಮೇಲೆ ಇವಾನ್ಸ್ ಬ್ಲೂ ಎಂಬ ನೀಲಿ ಬಣ್ಣ ಬಳಕೆಗೆ ಬಂತು.

ನೀಲಿಯ ಉಪಾಯ

ಬಿಳಿ ಬಟ್ಟೆಗೆ ಹಾಕುವ ನೀಲಿ ನಮಗೆಲ್ಲ ಗೊತ್ತು. ಒಂದು ಚಮಚ ನೀಲಿಯನ್ನು ಚೊಂಬು ನೀರಿಗೆ ಹಾಕಿ. ನೀರು ಕಡು ನೀಲಿ. ಅಷ್ಟೇ ನೀಲಿಯನ್ನು ಹಂಡೆ ನೀರಿಗೆ ಹಾಕಿ. ನೀರು ತೆಳು ನೀಲಿ. ನೀರು ಹೆಚ್ಚಿದಷ್ಟೂ ಬಣ್ಣ ತೆಳುವಾಗುತ್ತದೆ. ಹಾಗಾದರೆ ಬಣ್ಣ ನೋಡಿಯೇ ನೀರು ಎಷ್ಟಿದೆ ಎಂದು ಹೇಳಬಹುದಲ್ಲವೇ?

ರಕ್ತಕ್ಕೂ ಇದೇ ಉಪಾಯ. ರಕ್ತದಲ್ಲಿ ಕೆಂಪು ಕಣಗಳಿವೆ, ನೀರಿನಂಥ ತಿಳಿಯೂ ಇದೆ. ಬಣ್ಣ ಈ ತಿಳಿಯಲ್ಲಿ ಮಾತ್ರ ಬೆರೆಯುತ್ತದೆ.

12 ಕಿಲೋ ತೂಗುವ ಒಂದು ನಾಯಿಯ ಲೆಕ್ಕ ಮಾಡೋಣ. ಅದರ ರಕ್ತನಾಳಕ್ಕೆ 10 ಮಿಲಿಗ್ರಾಂ ಬಣ್ಣ ಚುಚ್ಚಿದರು ಅನ್ನಿ. ಬಣ್ಣ ಮೈಯೆಲ್ಲ ಸುತ್ತಿ ಬೆರೆಯಲು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಚೂರೇ ಚೂರು ರಕ್ತ ತೆಗೆದು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರು. ಕೆಂಪು ಕಣಗಳು ತಳಕ್ಕೆ ಇಳಿದವು. ತಿಳಿ ಮೇಲೆ ನಿಂತಿತು. ಎರಡೂ ಅರ್ಧ ಅರ್ಧ ಇದ್ದವು.

ತಿಳಿಯ ಬಣ್ಣ ಅಳೆದಾಗ, 100 ಮಿ.ಲೀ.ಗೆ 2 ಮಿಲಿಗ್ರಾಂ ಎಂದು ಲೆಕ್ಕ ಬಂತು. ಹಾಗಾದರೆ 10 ಮಿಲಿಗ್ರಾಂ ಬಣ್ಣ ಬೆರೆತಿರುವುದು 500 ಮಿ.ಲೀ. ತಿಳಿಯಲ್ಲಿ. ಕಣಗಳೂ ಅಷ್ಟೇ ಇವೆ. ಒಟ್ಟು ರಕ್ತ 1 ಲೀಟರ್. ನಾಯಿ ಬದುಕಿದೆ, ಲೆಕ್ಕವೂ ಸಿಕ್ಕಿದೆ.

ಹತ್ತರಲ್ಲಿ ಒಂದು ಪಾಲು

ಒಂದು ಸಲಕ್ಕೆ ರಕ್ತದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಈ ನಾಯಿಗೆ ಅದು 100 ಮಿ.ಲೀ. ಅಷ್ಟು ತೆಗೆದ ಮೇಲೆ ಎರಡು ವಾರವಾದರೂ ಬಿಡುವು ಕೊಡಬೇಕು. 250 ಗ್ರಾಂ ತೂಗುವ ಇಲಿಯಲ್ಲಿ ಇರುವುದೇ ಸುಮಾರು 16 ಮಿ.ಲೀ. ರಕ್ತ. ಅದರಿಂದ ಒಂದು ಚಮಚ ತೆಗೆದರೂ ಅದರ ಪ್ರಾಣಕ್ಕೆ ಕುತ್ತು.

ರಕ್ತ ಕೊಟ್ಟರೆ ಶಕ್ತಿ ಹೋಗುತ್ತೆ ಅಂತ ನಮ್ಮಲ್ಲಿ ಹಲವರು ಹೆದರುತ್ತಾರೆ. 50 ಕಿಲೋ ತೂಗುವವರಲ್ಲಿ ಸುಮಾರು ಮೂರೂವರೆ ಲೀಟರ್ ರಕ್ತ ಇರುತ್ತದೆ. ರಕ್ತದಾನದಲ್ಲಿ ಅವರಿಂದ ತೆಗೆಯುವುದು 350 ಮಿ.ಲೀ. ಅದೂ ಹತ್ತರಲ್ಲಿ ಒಂದೇ ಪಾಲು! ಅದಕ್ಕೂ ಮೊದಲು ಪರೀಕ್ಷೆ ಮಾಡುತ್ತಾರೆ. ಆರೋಗ್ಯವಂತರು ಹೆದರಬೇಕಾಗಿಲ್ಲ.

ಲೆಕ್ಕ ಮಾಡಿ

ಕುರಿಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 60 ಮಿ.ಲೀ. ರಕ್ತ ಇರುತ್ತದೆ. 30 ಕಿಲೋ ತೂಗುವ ಕುರಿಯಲ್ಲಿ ಎಷ್ಟು ರಕ್ತ ಇದೆ? ಒಂದು ಸಲಕ್ಕೆ ಎಷ್ಟು ತೆಗೆಯಬಹುದು?