ನನ್ನ ಹತ್ತಿರ ಮುಚ್ಚಿಡುವಂಥದ್ದೇನಿದೆ?

ಮೊಬೈಲ್ ಬಗ್ಗೆ ನಮ್ಮ ಮನೆಗಳಲ್ಲಿ ಕೇಳಿಬರುವ ಅಭಿಪ್ರಾಯಗಳು ಒಂದೆರಡಲ್ಲ. 'ಇದು ಬಂದ ಮೇಲೆ ಮಕ್ಕಳು ಕೆಟ್ಟರು' ಎನ್ನುತ್ತಾರೆ ಅಜ್ಜಿ. 'ಇದಿಲ್ಲದೆ ಈಗ ಕೆಲಸವೇ ಆಗುವುದಿಲ್ಲ' ಎನ್ನುತ್ತಾನೆ ಮೊಮ್ಮಗ. 'ಎಲ್ಲ ಪುಕ್ಕಟೆ ಸಿಗುವಾಗ ನಮಗೇನು ನಷ್ಟ?' ಎನ್ನುತ್ತಾರೆ ಮನೆಯ ಯಜಮಾನರು. ಇವುಗಳ ನಡುವೆ ಇನ್ನೊಂದು ಮಾತಿದೆ. ಹೊಸದಾಗಿ ಹಾಕಿಕೊಂಡ ಆಪ್ ಒಂದು ನಮ್ಮ ಫೋಟೋಗಳನ್ನು, ಫೋನ್ ನಂಬರುಗಳ ಪಟ್ಟಿಯನ್ನು, ನಾವಿರುವ ಜಾಗವನ್ನು ನೋಡಲು ಅನುಮತಿ ಕೇಳುತ್ತದೆ. ಓದುವ ಗೋಜಿಗೆ ಹೋಗದೆ ನಾವು ಒಪ್ಪಿಗೆಯ ಗುಂಡಿ ಒತ್ತುತ್ತೇವೆ. ಒತ್ತಿದ ಮೇಲೆ ಸಮಾಧಾನಕ್ಕೆ ಹೇಳಿಕೊಳ್ಳುತ್ತೇವೆ: 'ನೋಡಿದರೆ ನೋಡಲಿ ಬಿಡಿ, ನನ್ನ ಹತ್ತಿರ ಮುಚ್ಚಿಡುವಂಥದ್ದೇನಿದೆ?'

ಪ್ರಿಯ ಓದುಗರೇ, ಈ ವಾರ ಈ ಒಂದು ಮಾತನ್ನೇ ಎತ್ತಿಕೊಂಡು ನಿಧಾನವಾಗಿ ಯೋಚಿಸೋಣ. ಸಾಧ್ಯವಾದರೆ ಊಟವಾದ ಮೇಲೆ ಮನೆಮಂದಿಯೆಲ್ಲ ಕೂತು ಓದಿ.

1. ಈ ಮಾತಿನಲ್ಲಿರುವ ಒಳ್ಳೆಯತನ

ಹೀಗೆ ಹೇಳುವವರು ಸಾಮಾನ್ಯವಾಗಿ ನೇರ ನಡೆಯ ಜನ. ಕದ್ದದ್ದಿಲ್ಲ, ಮೋಸ ಮಾಡಿದ್ದಿಲ್ಲ. ಹೆದರಿಕೆ ಯಾಕೆ ಎಂಬುದು ಅವರ ಭಾವನೆ. ಆ ಧೈರ್ಯವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಮೊಬೈಲಿನಿಂದ ಆದ ಉಪಕಾರವನ್ನೂ ಮರೆಯಬೇಕಾಗಿಲ್ಲ. ಕೊಲ್ಲಿ ದೇಶದಲ್ಲಿ ದುಡಿಯುವ ಮಗನ ಮುಖವನ್ನು ತಾಯಿ ದಿನವೂ ನೋಡುತ್ತಾಳೆ. ಆಸ್ಪತ್ರೆಯಲ್ಲಿರುವವರಿಗೆ ರಕ್ತ ಬೇಕೆಂದರೆ ಗಂಟೆಯೊಳಗೆ ಸುದ್ದಿ ಊರು ಸುತ್ತುತ್ತದೆ.

ಆದರೆ ಒಂದು ಹಳೆಯ ನೆನಪು ಮಾಡಿಕೊಳ್ಳಿ. ನಮ್ಮ ಹಿರಿಯರು ಮಗಳ ಮನೆಗೆ ಇನ್‌ಲ್ಯಾಂಡ್ ಪತ್ರ ಬರೆದಾಗ ಅಂಚಿಗೆ ಅಂಟು ಹಚ್ಚಿ ಮಡಚುತ್ತಿದ್ದರು. ಅದರಲ್ಲಿದ್ದದ್ದು ಮಳೆ ಬೆಳೆಯ ಸುದ್ದಿ, ಸೊಸೆಗೆ ತಿಂಗಳು ತುಂಬಿದ ವಿಷಯ, ತಮ್ಮನ ಸಾಲದ ಚಿಂತೆ. ಅಪರಾಧವೇನೂ ಇರಲಿಲ್ಲ. ಆದರೂ ಅಂಟಿಸಿದರು. ಮನೆಯ ಮಾತು ಮನೆಯವರಿಗೆ ಎಂಬ ಮರ್ಯಾದೆ ಅದು. ಮುಚ್ಚಿಡುವವರೆಲ್ಲ ತಪ್ಪಿತಸ್ಥರಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಷ್ಟೇ ಅಲ್ಲ, ಪತ್ರದೊಳಗಿನ ಸಾಲ ತಮ್ಮನದು, ಬಸುರಿ ಸೊಸೆ. ಪತ್ರ ನಮ್ಮದಾದರೂ ಒಳಗಿನ ವಿಷಯ ಇನ್ನೊಬ್ಬರದು.

2. ಫೋನ್ ನನ್ನದು, ಒಳಗಿರುವುದು ಯಾರದು?

ನಿಮ್ಮ ಮೊಬೈಲನ್ನೇ ಕೈಗೆತ್ತಿಕೊಳ್ಳಿ. ಅದರಲ್ಲಿ ಇನ್ನೂರು, ಮುನ್ನೂರು ಜನರ ಹೆಸರು ಮತ್ತು ನಂಬರು ಇರಬಹುದು. ಅಕ್ಕಂದಿರು, ಮಕ್ಕಳ ಟೀಚರು, ಹಾಲಿನವರು, ವೈದ್ಯರು, ಗಂಡನನ್ನು ಬಿಟ್ಟು ತವರಿಗೆ ಬಂದು ಹೊಸ ನಂಬರು ತೆಗೆದುಕೊಂಡ ಗೆಳತಿ. ಅವರೆಲ್ಲ ತಮ್ಮ ನಂಬರನ್ನು ಕೊಟ್ಟದ್ದು ನಿಮಗೆ. 'ನನ್ನ ಹತ್ತಿರ ಮುಚ್ಚಿಡುವಂಥದ್ದೇನಿದೆ' ಎಂದು ನೀವು ಗುಂಡಿ ಒತ್ತಿದಾಗ ಅವರ ಪರವಾಗಿಯೂ ಒತ್ತುತ್ತೀರಿ. ಅವರನ್ನು ಕೇಳಿದ್ದು ಯಾರು? ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

2012ರ ಫೆಬ್ರವರಿಯಲ್ಲಿ ಒಂದು ಸಂಗತಿ ಬಯಲಾಯಿತು. ಪಾಥ್ ಎಂಬ ಆಪ್, ಐಫೋನ್ ಬಳಸುವವರ ವಿಳಾಸಪಟ್ಟಿಯನ್ನು ಪೂರ್ತಿಯಾಗಿ, ಅವರನ್ನು ಕೇಳದೆ, ತನ್ನ ಕಂಪ್ಯೂಟರುಗಳಿಗೆ ಸಾಗಿಸಿಕೊಳ್ಳುತ್ತಿತ್ತು. ಗದ್ದಲವಾದ ಮೇಲೆ ಕಂಪನಿ ಕ್ಷಮೆ ಕೇಳಿ, ಸಂಗ್ರಹಿಸಿದ್ದನ್ನು ಅಳಿಸಿತು. ಅದೇ ವರ್ಷ ಆಪಲ್ ಕಂಪನಿ, ವಿಳಾಸಪಟ್ಟಿ ಮುಟ್ಟುವ ಆಪ್ ಮೊದಲು ಫೋನಿನ ಒಡೆಯನ ಅನುಮತಿ ಕೇಳಲೇಬೇಕೆಂಬ ವ್ಯವಸ್ಥೆ ತಂದಿತು. ಆಂಡ್ರಾಯ್ಡ್ ಫೋನುಗಳಲ್ಲಿ, ಪ್ರತಿಯೊಂದಕ್ಕೂ ಬೇಕಾದಾಗ ಬೇರೆಬೇರೆಯಾಗಿ ಅನುಮತಿ ಕೇಳುವ ಪದ್ಧತಿ ಬಂದದ್ದು 2015ರಲ್ಲಿ. ಹೀಗೆ, ಇಂದು ನಾವು ಬೇಸರದಿಂದ ಒತ್ತಿಬಿಡುವ ಆ ಪುಟ್ಟ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಆದರೂ ಅದರಲ್ಲಿ ಒಂದು ಕೊರತೆ ಉಳಿದಿದೆ. ಪ್ರಶ್ನೆ ಬರುವುದು ಫೋನಿನ ಒಡೆಯನಿಗೆ. ಪಟ್ಟಿಯಲ್ಲಿರುವ ಮುನ್ನೂರು ಜನರಿಗೆ ಅದು ಕೇಳಿಸುವುದಿಲ್ಲ.

3. ನಡೆದುಹೋದ ಎರಡು ಸಂಗತಿಗಳು

'ಇದೆಲ್ಲ ದೊಡ್ಡ ಮಾತು, ಒಂದು ನಂಬರು ಹೋದರೆ ಏನಾಗುತ್ತದೆ?' ಎಂದು ಕೇಳುವವರಿಗಾಗಿ ಎರಡು ಉದಾಹರಣೆಗಳು.

ಮೊದಲನೆಯದು ಒಂದು ಆಟದಂಥ ಪರೀಕ್ಷೆ. 'ನಿಮ್ಮ ಸ್ವಭಾವ ಎಂಥದ್ದು?' ಎಂದು ಹೇಳುವ ಆಪ್ ಒಂದು ಫೇಸ್‌ಬುಕ್ಕಿನಲ್ಲಿತ್ತು. ಲೋಕದಲ್ಲೆಲ್ಲ ಸೇರಿ ಸುಮಾರು 2,70,000 ಜನ ಅದನ್ನು ಹಾಕಿಕೊಂಡರು. ಆಗಿನ ನಿಯಮದ ಪ್ರಕಾರ ಆ ಆಪ್‌ಗೆ ಅವರ ಸ್ನೇಹಿತರ ವಿವರಗಳೂ ಸಿಗುತ್ತಿದ್ದವು. ಆ ಮಾಹಿತಿ ಚುನಾವಣಾ ಪ್ರಚಾರದ ಕೆಲಸ ಮಾಡುವ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಸಂಸ್ಥೆಯ ಕೈ ಸೇರಿದ್ದು 2018ರ ಮಾರ್ಚ್‌ನಲ್ಲಿ ದೊಡ್ಡ ಸುದ್ದಿಯಾಯಿತು. 8.7 ಕೋಟಿಯಷ್ಟು ಜನರ ವಿವರ ಹೀಗೆ ಹೋಗಿರಬಹುದೆಂದು ಫೇಸ್‌ಬುಕ್ ತಾನೇ ಹೇಳಿತು. ಭಾರತದ ಲೆಕ್ಕ ನೋಡಿ: ಆಪ್ ಹಾಕಿಕೊಂಡವರು 335 ಮಂದಿ. ವಿವರ ಹೋಗಿರಬಹುದಾದವರು 5,62,455 ಮಂದಿ. ಆ 335 ಜನರನ್ನು ಬಿಟ್ಟರೆ ಉಳಿದವರ ಪಾಲಿನ ತಪ್ಪೇನು? ದೇಶದಲ್ಲೋ ಪರದೇಶದಲ್ಲೋ ಆಟವಾಡಿದ ಯಾರದೋ ಸ್ನೇಹಿತರ ಪಟ್ಟಿಯಲ್ಲಿ ಅವರ ಹೆಸರಿತ್ತು, ಅಷ್ಟೇ. 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಫೇಸ್‌ಬುಕ್ಕಿಗೆ 500 ಕೋಟಿ ಡಾಲರ್ ದಂಡ ಹಾಕಿತು. ದಂಡ ಕಟ್ಟಿದ ಮಾತ್ರಕ್ಕೆ ಹೋದ ಮಾಹಿತಿ ಹಿಂದಕ್ಕೆ ಬರಲಿಲ್ಲ.

ಎರಡನೆಯದು ನಮ್ಮ ಬೀದಿಗೇ ಬಂದ ಕಥೆ. ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ಮೊಬೈಲಿನಲ್ಲೇ ನಿಮಿಷಗಳಲ್ಲಿ ಸಾಲ ಕೊಡುವ ಆಪ್‌ಗಳು ಹುಟ್ಟಿಕೊಂಡವು. ಜಾಮೀನು ಬೇಡ, ಓಡಾಟ ಬೇಡ. ಸಂಪರ್ಕ ಪಟ್ಟಿ ನೋಡಲು ಒಪ್ಪಿಗೆ ಕೊಟ್ಟರೆ ಸಾಕು. ಕಂತು ತಪ್ಪಿದಾಗ ಗೊತ್ತಾಯಿತು, ಆ ಪಟ್ಟಿಯೇ ಜಾಮೀನು ಎಂದು. ವಸೂಲಿಯವರು ಸಾಲಗಾರನ ಅತ್ತೆಗೆ, ಆಫೀಸಿನ ಸಹೋದ್ಯೋಗಿಗೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ ಮಾನ ಕಳೆದರು. ತಿರುಚಿದ ಫೋಟೋಗಳನ್ನು ಹಂಚಿದರು. ಅವಮಾನ ತಾಳಲಾರದೆ ಜೀವ ಕಳೆದುಕೊಂಡವರ ಸುದ್ದಿಗಳೂ ಬಂದವು. ಕೊನೆಗೆ ಭಾರತೀಯ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್ 2ರಂದು ನಿಯಮ ಹೊರಡಿಸಿ, ಸಾಲದ ಆಪ್‌ಗಳು ಗ್ರಾಹಕರ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋ ಮುಂತಾದ ಕಡತಗಳನ್ನು ಮುಟ್ಟಕೂಡದು ಎಂದಿತು. 2023ರಲ್ಲಿ ಗೂಗಲ್ ಕೂಡ ತನ್ನ ಪ್ಲೇ ಸ್ಟೋರಿನಲ್ಲಿರುವ ಸಾಲದ ಆಪ್‌ಗಳಿಗೆ ಇಂಥದೇ ನಿರ್ಬಂಧ ಹಾಕಿತು. ಹಾಗಿದ್ದರೂ ನಿಯಮಕ್ಕೆ ಸಿಗದ ಕಳ್ಳ ಆಪ್‌ಗಳು ಬೇರೆ ದಾರಿಯಲ್ಲಿ ಬರಬಹುದು. ಸಾಲದ ಆಪ್ ಒಂದು ನಿಮ್ಮ ನಂಬರುಗಳ ಪಟ್ಟಿ ಕೇಳಿತೆಂದರೆ ಅಲ್ಲೇ ನಿಲ್ಲಿ. ಅದು ನಿಯಮ ಪಾಲಿಸುವ ಆಪ್ ಅಲ್ಲ ಎಂಬುದಕ್ಕೆ ಅಷ್ಟೇ ಸಾಕ್ಷಿ ಸಾಕು.

4. ಕಾನೂನು ಎಲ್ಲಿಯವರೆಗೆ ಬರುತ್ತದೆ?

ಖಾಸಗಿ ಬದುಕು ಶ್ರೀಮಂತರ ಚಿಂತೆ ಎನ್ನುವವರಿಗೆ ನಮ್ಮ ನಾಡಿನ ಒಬ್ಬ ಹಿರಿಯರ ಹೆಸರು ಹೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದ 21ನೇ ವಿಧಿಯಲ್ಲಿರುವ ಬದುಕುವ ಹಕ್ಕಿನ ಭಾಗವೇ ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ತೀರ್ಪು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯನ್ನು ಅಂಗೀಕರಿಸಿತು. ಹದಿನೆಂಟು ತುಂಬದ ಮಕ್ಕಳ ಮಾಹಿತಿ ಬಳಸಬೇಕಾದರೆ ತಂದೆತಾಯಿಯರ ಒಪ್ಪಿಗೆ ಇರಬೇಕೆಂದು ಅದು ಹೇಳುತ್ತದೆ. 2025ರ ನವೆಂಬರ್‌ನಲ್ಲಿ ಇದರ ನಿಯಮಗಳು ಪ್ರಕಟವಾದವು. ಹಂತಹಂತವಾಗಿ ಜಾರಿಗೆ ಬರುವಂತೆ ಅವುಗಳನ್ನು ರೂಪಿಸಲಾಗಿದೆ. ಆದರೆ ಇದೇ ಕಾಯ್ದೆಯಲ್ಲಿ ಇನ್ನೊಂದು ಸಂಗತಿಯಿದೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಮಾಹಿತಿಯನ್ನು ಬಳಸಿದರೆ ಅದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಅದು ಸರಿಯೇ, ಅಡುಗೆಮನೆಯಲ್ಲಿ ಪೊಲೀಸರು ಬಂದು ಕೂರಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ಕಾನೂನು ಹೊಸ್ತಿಲಲ್ಲಿ ನಿಂತಿತೆಂದರೆ ಒಳಗಿನ ಕಾವಲು ನಮ್ಮ ಮನಸ್ಸಾಕ್ಷಿಯದು.

5. ನಮ್ಮದೇ ಗ್ರೂಪುಗಳನ್ನು ನೋಡೋಣ

ಕಂಪನಿಗಳನ್ನು ಬೈಯುವುದು ಸುಲಭ. ಈಗ ನಮ್ಮ ಕೈಯನ್ನೇ ನೋಡಿಕೊಳ್ಳೋಣ. ಕುಟುಂಬದ ಗ್ರೂಪು, ಶಾಲೆಯ ಗ್ರೂಪು, ಧರ್ಮಕೇಂದ್ರದ ಗ್ರೂಪು ಎಂದು ಪ್ರತಿ ಮನೆಯಲ್ಲೂ ಹತ್ತಾರು ವಾಟ್ಸಾಪ್ ಗ್ರೂಪುಗಳಿವೆ. 'ಇಂಥವರಿಗೆ ಕ್ಯಾನ್ಸರ್ ಅಂತೆ, ಪ್ರಾರ್ಥಿಸಿ' ಎಂದು ಒಬ್ಬರು ಹೆಸರು ಸಮೇತ ಹಾಕುತ್ತಾರೆ. ಉದ್ದೇಶ ಪವಿತ್ರವಾದದ್ದೇ. ಆದರೆ ಆ ತಾಯಿ ತನ್ನ ಕಾಯಿಲೆಯನ್ನು ಸ್ವಂತ ಮಗಳಿಗೇ ಇನ್ನೂ ಹೇಳಿರದಿದ್ದರೆ? ಮಗಳಿಗೆ ಸುದ್ದಿ ಮೊದಲು ಮುಟ್ಟುವುದು ಗ್ರೂಪಿನಿಂದ. ಮದುವೆ ಮುರಿದ ಮನೆಯ ಸುದ್ದಿ, ಫೇಲಾದ ಹುಡುಗನ ಅಂಕಪಟ್ಟಿ, ಸಹಾಯ ಪಡೆದ ಬಡ ಕುಟುಂಬದ ಕೈಯಲ್ಲಿ ಅಕ್ಕಿಚೀಲ ಕೊಟ್ಟು ತೆಗೆದ ಫೋಟೋ, ಇವೂ ಹೀಗೆಯೇ ಹೊರಡುತ್ತವೆ. ವಾಟ್ಸಾಪ್ ಸಂದೇಶಗಳಿಗೆ 2016ರಿಂದ ಗೂಢಲಿಪಿಯ ರಕ್ಷಣೆಯಿದೆ, ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದು ನಿಜ. ಆದರೆ ತಲುಪಿದವರು ಮತ್ತೊಂದು ಗ್ರೂಪಿಗೆ ದಾಟಿಸಿದರೆ ಯಾವ ಗೂಢಲಿಪಿಯೂ ತಡೆಯಲಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಧರ್ಮೋಪದೇಶ ಕಲಿತವರಿಗೆ ನೆನಪಿರಬಹುದು. ಇನ್ನೊಬ್ಬರ ಗುಟ್ಟನ್ನು ಕಾಪಾಡುವ ಕರ್ತವ್ಯವನ್ನು ಧರ್ಮಸಭೆ ಎಂಟನೆಯ ಆಜ್ಞೆಯ ಕೆಳಗೇ ಬೋಧಿಸುತ್ತದೆ. ಸುಳ್ಳು ಹೇಳಬಾರದೆನ್ನುವ ಅದೇ ಆಜ್ಞೆಯ ಕೆಳಗೆ. ನಿಜವನ್ನೇ ಹೇಳಿದೆ ಎಂಬುದು ಪೂರ್ತಿ ಸಮಾಧಾನವಾಗಲಾರದು. ಆ ನಿಜವನ್ನು ಹೇಳುವ ಅಧಿಕಾರ ನನಗಿತ್ತೇ ಎಂದೂ ಕೇಳಿಕೊಳ್ಳಬೇಕಾಗುತ್ತದೆ.

6. ಈ ವಾರ ಮಾಡಬಹುದಾದ ಕೆಲಸಗಳು

ಮೊಬೈಲನ್ನು ಬಾವಿಗೆ ಎಸೆಯಿರೆಂದು ಯಾರೂ ಹೇಳುವುದಿಲ್ಲ. ಸಣ್ಣ ಕೆಲಸಗಳೇ ಸಾಕು.

ಮೊದಲನೆಯದಾಗಿ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ 'ಪರ್ಮಿಷನ್ ಮ್ಯಾನೇಜರ್' ಎಂಬುದಿದೆ. ಅಲ್ಲಿ 'ಕಾಂಟ್ಯಾಕ್ಟ್ಸ್' ಒತ್ತಿದರೆ ಯಾವ ಯಾವ ಆಪ್‌ಗಳು ನಿಮ್ಮ ನಂಬರುಗಳ ಪಟ್ಟಿಯನ್ನು ನೋಡುತ್ತಿವೆ ಎಂದು ಕಾಣುತ್ತದೆ. ಟಾರ್ಚ್ ಆಪ್‌ಗೂ ಮಕ್ಕಳ ಆಟಕ್ಕೂ ನಿಮ್ಮ ಅಕ್ಕನ ನಂಬರು ಯಾಕೆ ಬೇಕು? ಬೇಡವಾದುದರ ಅನುಮತಿಯನ್ನು ಹಿಂದಕ್ಕೆ ಪಡೆಯಿರಿ. ಆಪ್ ನಡೆಯದೆ ಹೋದರೆ ಅದೇ ಒಂದು ಉತ್ತರ.

ಎರಡನೆಯದಾಗಿ, ಹತ್ತಿಪ್ಪತ್ತು ಜನರಿಗೆ ಒಂದು ಸುದ್ದಿ ಮುಟ್ಟಿಸಬೇಕಾದರೆ ಹೊಸ ಗ್ರೂಪು ಮಾಡುವ ಮೊದಲು ಯೋಚಿಸಿ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ವಾಟ್ಸಾಪಿನ 'ಬ್ರಾಡ್‌ಕಾಸ್ಟ್' ಮೂಲಕ ಕಳಿಸಿದರೆ ಸಂದೇಶ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಇಟ್ಟುಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ ಎಂಬುದು ನೆನಪಿರಲಿ.

ಮೂರನೆಯದಾಗಿ, ಇನ್ನೊಬ್ಬರ ಕಾಯಿಲೆ, ಕಷ್ಟ, ಫೋಟೋ ಹಂಚುವ ಮೊದಲು ಅವರನ್ನೇ ಒಂದು ಮಾತು ಕೇಳಿ. ಕೇಳಲಾಗದಿದ್ದರೆ ಹೆಸರು ಬಿಟ್ಟು ಬರೆಯಿರಿ. ಹೆಸರಿಲ್ಲದ ಪ್ರಾರ್ಥನೆಯೂ ದೇವರಿಗೆ ಮುಟ್ಟುತ್ತದೆ.

ನಾಲ್ಕನೆಯದಾಗಿ, ಮನೆಯಲ್ಲಿ ಯಾರಾದರೂ ಸಾಲದ ಆಪಿನ ಕಾಟದಲ್ಲಿ ಸಿಕ್ಕಿದ್ದರೆ ಬೈಯಬೇಡಿ. ಆ ದಂಧೆ ನಡೆಯುವುದೇ ನಾಚಿಕೆಯ ಮೇಲೆ. ಮನೆಯವರು 'ನಮಗೆ ಗೊತ್ತು, ನಾವಿದ್ದೇವೆ' ಎಂದರೆ ಬೆದರಿಕೆಯ ಅರ್ಧ ಬಲ ಉಡುಗುತ್ತದೆ. ಆಮೇಲೆ ಪೊಲೀಸರಿಗೆ ದೂರು ಕೊಡಿ. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ 1930 ನಂಬರಿಗೆ ಫೋನ್ ಮಾಡಿ.

ಮನೆಯಲ್ಲಿ ಚರ್ಚಿಸಲು

ಅ) ನಮ್ಮ ಮನೆಯ ಯಾವ ವಿಷಯ ಗ್ರೂಪಿನಲ್ಲಿ ಬಂದರೆ ನಮಗೆ ನೋವಾಗುತ್ತದೆ? ಅಂಥದ್ದನ್ನು ನಾವು ಬೇರೆಯವರ ಬಗ್ಗೆ ಹಾಕಿದ್ದುಂಟೇ?

ಆ) ಮಕ್ಕಳ ಫೋಟೋ ಹಾಕುವ ಮೊದಲು ಮಕ್ಕಳನ್ನು ಕೇಳುತ್ತೇವೆಯೇ? ಎಷ್ಟನೇ ವಯಸ್ಸಿನಿಂದ ಕೇಳಬೇಕು? ಈ ಪ್ರಶ್ನೆಗೆ ಮೊದಲು ಮಕ್ಕಳೇ ಉತ್ತರಿಸಲಿ.

ಇ) ನಮ್ಮ ಫೋನಿನ ಪಟ್ಟಿಯಲ್ಲಿ, ನಂಬರು ಬೇರೆಯವರ ಕೈ ಸೇರಿದರೆ ನಿಜವಾಗಿ ತೊಂದರೆಗೊಳಗಾಗುವವರು ಯಾರಿದ್ದಾರೆ? ಅವರಿಗಾಗಿ ಇಂದು ಏನು ಮಾಡಬಹುದು?

'ನನ್ನ ಹತ್ತಿರ ಮುಚ್ಚಿಡುವಂಥದ್ದೇನಿದೆ?' ಎಂಬ ಪ್ರಶ್ನೆಗೆ ಉತ್ತರ ಈಗ ಸಿಕ್ಕಿರಬೇಕು. ನನ್ನದೇನೂ ಇಲ್ಲದಿರಬಹುದು. ಆದರೆ ನನ್ನನ್ನು ನಂಬಿದವರದು ಬಹಳಷ್ಟಿದೆ, ಮತ್ತು ಅದು ನನ್ನ ಹತ್ತಿರವೇ ಇದೆ.