ಬೆನೆಟ್ ಮನೆಯ ಆಸ್ತಿ ಯಾರ ಪಾಲು? ಇಂಗ್ಲಿಷ್ ಕಾದಂಬರಿ ಪರೀಕ್ಷೆಗೆ ಮೂರು ವಾರದ ತಯಾರಿ

ಪಂಚನಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿ ಕಡೂರಿನ ಕಡೆ ಕಾಲೇಜಿಗೆ ಹೊರಡುವ ಹುಡುಗ ಹುಡುಗಿಯರು ಐಚ್ಛಿಕ ಇಂಗ್ಲಿಷ್ ಆರಿಸಿಕೊಂಡರೆ ಮೊದಲು ಹೆದರುವುದು ದಪ್ಪ ಕಾದಂಬರಿಗೆ. ಗೈಡ್ ತಂದು ಸಾರಾಂಶ ಬಾಯಿಪಾಠ ಮಾಡಿದವರಿಗೆ ಪ್ರಶ್ನೆ ತುಸು ತಿರುಗಿ ಬಂದರೂ ಪೆನ್ನು ನಿಲ್ಲುತ್ತದೆ. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರಿಜುಡೀಸ್’ ಅನ್ನೇ ಮುಂದಿಟ್ಟುಕೊಂಡು ಓದುವ ದಾರಿ ನೋಡೋಣ. ಜಮೀನು, ದಾಯಾದಿ, ಹೆಣ್ಣು ನೋಡುವ ಶಾಸ್ತ್ರ ಬಲ್ಲ ಊರಿನವರಿಗೆ ಈ ಪುಸ್ತಕ ಬೇಗ ಒಲಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಪುಸ್ತಕ ಸಿಗದಿದ್ದರೆ ಚಿಂತೆ ಬೇಡ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪೂರ್ತಿ ಪಠ್ಯ, ಲಿಬ್ರಿವಾಕ್ಸ್‌ನಲ್ಲಿ ಧ್ವನಿಮುದ್ರಣ ಉಚಿತವಾಗಿವೆ. ಒಮ್ಮೆ ಮೊಬೈಲಿಗೆ ಇಳಿಸಿಕೊಂಡರೆ ಬಸ್ಸಿನಲ್ಲೂ ಕೇಳಬಹುದು.

ಮೊದಲ ದಿನ ಕತೆ ಶುರು ಮಾಡಬೇಡಿ. ಒಂದು ಹಾಳೆಯಲ್ಲಿ ವಂಶವೃಕ್ಷ ಬರೆಯಿರಿ. ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು: ಜೇನ್, ಎಲಿಜಬೆತ್, ಮೇರಿ, ಕಿಟ್ಟಿ, ಲಿಡಿಯಾ. ಗಂಡು ಸಂತಾನವಿಲ್ಲ, ಆಸ್ತಿ ಕಾಲಿನ್ಸ್‌ಗೆ ಹೋಗುತ್ತದೆ. ಇಂಗ್ಲಿಷ್ ಅವನನ್ನು ‘ಕಸಿನ್’ ಎಂದು ಕರೆದು ಸುಮ್ಮನಾಗುತ್ತದೆ. ನಮ್ಮಲ್ಲಿ ಅದಕ್ಕೆ ‘ದಾಯಾದಿ’ ಎಂಬ ಮಾತಿದೆ. ಅಂದಕೂಡಲೇ ಬೆನೆಟ್ ಅಮ್ಮನ ಸಂಕಟ ಅರ್ಥವಾಗುತ್ತದೆ. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ, ದೇಶದಲ್ಲಿ 2005ರಲ್ಲಿ ಬಂತು ಎಂಬುದು ನೆನಪಿದ್ದರೆ ಆ ಭಯ ದೂರದ್ದು ಅನ್ನಿಸುವುದಿಲ್ಲ.

ಆದರೆ ನಮ್ಮ ನೆಂಟಸ್ತಿಕೆಯ ಲೆಕ್ಕವೇ ಒಂದು ಕಡೆ ಕಾಲು ಜಾರಿಸುತ್ತದೆ. ಲೇಡಿ ಕ್ಯಾಥರಿನ್ ಎಂಬಾಕೆ ಕಥಾನಾಯಕ ಡಾರ್ಸಿಯ ತಾಯಿಯ ಒಡಹುಟ್ಟಿದವಳು. ತನ್ನ ಮಗಳನ್ನು ಡಾರ್ಸಿಗೇ ಕೊಡಬೇಕೆಂದು ಅವಳ ಹಟ. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಅಣ್ಣತಂಗಿಯರಾಗುತ್ತಾರೆ, ಅಲ್ಲಿ ಸಂಬಂಧದ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಈ ವ್ಯತ್ಯಾಸ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ಉತ್ತರದಲ್ಲಿ ‘ಅಸಹಜ ಮದುವೆ’ ಎಂದು ಬರೆದರೆ ತಪ್ಪಾಗುತ್ತದೆ.

ಅದೇ ಹಾಳೆಯ ಹಿಂಬದಿಗೆ ಹಣ. ವರ್ಷಕ್ಕೆ ಡಾರ್ಸಿಯ ವರಮಾನ 10,000 ಪೌಂಡ್, ಅವನ ಗೆಳೆಯ ಬಿಂಗ್ಲೆಯದು 4,000ದಿಂದ 5,000, ಬೆನೆಟ್‌ರದು 2,000. ಎಲಿಜಬೆತ್‌ಗೆ ತಾಯಿಯ ಕಾಲಾನಂತರ ಸಿಗುವುದು 1,000 ಪೌಂಡ್ ಗಂಟು, ಶೇ 4ರಂತೆ ವರ್ಷಕ್ಕೆ 40 ಪೌಂಡ್ ಬಡ್ಡಿ. ಇಷ್ಟೇ ಇದ್ದವಳು 19ನೇ ಅಧ್ಯಾಯದಲ್ಲಿ ಕಾಲಿನ್ಸ್‌ನನ್ನೂ 34ರಲ್ಲಿ ಡಾರ್ಸಿಯನ್ನೂ ನಿರಾಕರಿಸುತ್ತಾಳೆ. ಅವಳ ಧೈರ್ಯದ ತೂಕ ಈ ಲೆಕ್ಕದಿಂದಲೇ ತಿಳಿಯುವುದು. ಅವಳ ಗೆಳತಿ, 27 ವರ್ಷದ ಶಾರ್ಲೆಟ್ ಅದೇ ಕಾಲಿನ್ಸ್‌ನನ್ನು ಏಕೆ ಒಪ್ಪಿದಳು ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ದಯವಿಟ್ಟು ಅವಳನ್ನು ಹಗುರಾಗಿ ನೋಡಬೇಡಿ.

ಇನ್ನು ಓದು. ಒಟ್ಟು 61 ಅಧ್ಯಾಯ. ದಿನಕ್ಕೆ ನಾಲ್ಕರಂತೆ 16 ದಿನ. ಕೆಲವು ಮುದ್ರಣಗಳಲ್ಲಿ ಮೂರು ಸಂಪುಟಗಳಾಗಿ 23, 19, 19 ಎಂದು ಎಣಿಕೆ ಹೊಸದಾಗಿ ಶುರುವಾಗುತ್ತದೆ, ನಿಮ್ಮ ಪ್ರತಿ ನೋಡಿಕೊಳ್ಳಿ. ವಾಕ್ಯ ಉದ್ದವಾದರೆ ಕರ್ತೃ, ಕ್ರಿಯಾಪದ ಎರಡನ್ನು ಹುಡುಕಿ ಗೆರೆ ಎಳೆಯಿರಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕಣ್ಣು ಅಲ್ಲಿಗೇ ಓಡುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲೇ ದಾಟಿಹೋಗಿರುತ್ತದೆ. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ, ಮೂರನೇ ಸಲ ಎದುರಾದ ಪದಕ್ಕೆ ಮಾತ್ರ ತೆರೆಯಿರಿ.

35ನೇ ಅಧ್ಯಾಯದ ಡಾರ್ಸಿಯ ಪತ್ರವನ್ನು ಎರಡು ಸಲ ಓದಲೇಬೇಕು. 36ರಲ್ಲಿ ಎಲಿಜಬೆತ್ ಕೂಡ ಅದನ್ನೇ ಮಾಡುತ್ತಾಳೆ. ಮೊದಲ ಓದಿನಲ್ಲಿ ನಂಬದ ಮಾತು ಮತ್ತೆ ಓದಿದಾಗ ನಿಜವೆನಿಸುತ್ತದೆ. ಇಡೀ ಕಾದಂಬರಿ ತಿರುಗುವ ಅಚ್ಚು ಇದು.

ಸಿನಿಮಾ ನೋಡುವುದಾದರೆ ಓದು ಮುಗಿದ ಮೇಲೆ. 2005ರ ಚಿತ್ರದಲ್ಲಿ ಡಾರ್ಸಿ ಸುರಿಯುವ ಮಳೆಯಲ್ಲಿ ಮದುವೆಯ ಮಾತೆತ್ತುತ್ತಾನೆ. ಪುಸ್ತಕದಲ್ಲಿ ಅದು ನಡೆಯುವುದು ಕಾಲಿನ್ಸ್‌ನ ಮನೆಯೊಳಗೆ. ಮಳೆ ಬರೆದವರು ಪುಸ್ತಕ ಓದಿಲ್ಲವೆಂದು ಮೌಲ್ಯಮಾಪಕರಿಗೆ ಕೂಡಲೇ ತಿಳಿಯುತ್ತದೆ.

ಉಳಿದ ನಾಲ್ಕು ದಿನ ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ದಿನಕ್ಕೊಂದು ಉತ್ತರ ಬರೆಯಿರಿ. ಪ್ರತಿ ಪ್ಯಾರಾದಲ್ಲೂ ಒಂದು ದೃಶ್ಯವಿರಲಿ: ಎಲ್ಲಿ, ಯಾರು, ಏನಾಯಿತು. ‘ಎಲಿಜಬೆತ್ ಬುದ್ಧಿವಂತೆ’ ಎಂದು ಮೂರು ಸಲ ಬರೆಯುವುದಕ್ಕಿಂತ 56ರಲ್ಲಿ ಲೇಡಿ ಕ್ಯಾಥರಿನ್‌ಗೆ ಎದುರು ನಿಂತದ್ದನ್ನು ಒಮ್ಮೆ ವಿವರಿಸಿ. ಗೈಡ್ ಬೇಕಿದ್ದರೆ ಈಗ ತೆರೆದು, ನೀವು ಬಿಟ್ಟದ್ದೇನೆಂದು ನೋಡಿ.

ಪರೀಕ್ಷೆಯ ಹಿಂದಿನ ಸಂಜೆ 34 ಮತ್ತು 58ನೇ ಅಧ್ಯಾಯಗಳನ್ನು ಒಂದರ ಹಿಂದೊಂದು ಗಟ್ಟಿಯಾಗಿ ಓದಿ. ಅದೇ ಇಬ್ಬರು, ಅದೇ ಪ್ರಶ್ನೆ. ಎರಡನೇ ಸಲ ಡಾರ್ಸಿ ಕೇಳಿದ ರೀತಿಯಲ್ಲಿ ಏನು ಬದಲಾಗಿದೆ ಎಂದು ನಾಲ್ಕು ಸಾಲು ಬರೆದಿಟ್ಟು ಮಲಗಿ.